ಗಂಟೆ ಬಾರಿಸಿದ್ದು ನನಗಲ್ಲ

ನನ್ನ ಮೊದಲ ಹತ್ತು ಸಾವಿರ ಮೀಟರ್ ಓಟ 24 ಸುತ್ತಿಗೇ ಮುಗಿಯಿತು. ಓಡಬೇಕಿದ್ದದ್ದು 25. ಮೊದಲ ಸ್ಥಾನದಲ್ಲಿದ್ದವನು ನನ್ನನ್ನು ಒಂದು ಸುತ್ತು ದಾಟಿ ಹೋಗಿದ್ದ. ಕೊನೆಯ ಸುತ್ತಿನ ಗಂಟೆ ಬಾರಿಸಿದ್ದು ಅವನಿಗೆ. ಅದು ನನಗೇ ಎಂದುಕೊಂಡ ನಾನು ಇದ್ದಬದ್ದ ಕಸುವನ್ನೆಲ್ಲ ಸುರಿದು ಗೆರೆ ದಾಟಿದೆ, ಒಳಗಿನ ಹುಲ್ಲಿನ ಮೇಲೆ ಅಂಗಾತ ಬಿದ್ದೆ. ಸುತ್ತು ಎಣಿಸುತ್ತಿದ್ದ ಹಿರಿಯರೊಬ್ಬರು ಹತ್ತಿರ ಬಂದು, "ಯಾಕಪ್ಪಾ ಮಲಗಿದೆ? ನಿನಗೆ ಇನ್ನೊಂದು ಬಾಕಿ ಇತ್ತಲ್ಲ" ಎಂದರು. ಟ್ರ್ಯಾಕ್ ಬಿಟ್ಟು ಆಚೆ ಬಂದವನು ಮತ್ತೆ ಓಡುವಂತಿಲ್ಲ. ಅಲ್ಲಿಗೆ ಕಥೆ ಮುಗಿಯಿತು.

ಅದಕ್ಕೂ ಮೊದಲು ನಾನು ಓಡುತ್ತಿದ್ದದ್ದು ಊರಿನ ಶಾಲಾ ಮೈದಾನದಲ್ಲಿ, ಸುಣ್ಣದ ಗೆರೆಯ ಮೇಲೆ, ಬರಿಗಾಲಿನಲ್ಲಿ. ದಸರಾ ಕ್ರೀಡಾಕೂಟದಲ್ಲಿ ತಾಲ್ಲೂಕು, ಜಿಲ್ಲೆ, ವಿಭಾಗ ಎಂದು ಗೆಲ್ಲುತ್ತಾ ಮೈಸೂರಿನ ಚಾಮುಂಡಿ ವಿಹಾರ ಕ್ರೀಡಾಂಗಣದವರೆಗೆ ಹೋದೆ. ಗೆಲುವಿಗೆ ನನಗೆ ಗೊತ್ತಿದ್ದದ್ದು ಒಂದೇ ದಾರಿ: ಪಿಸ್ತೂಲಿನ ಸದ್ದಿಗೆ ಕಿತ್ತುಕೊಂಡು ಓಡುವುದು, ಉಳಿದವರು ಹಿಂದೆ ಬೀಳುವವರೆಗೆ ನಿಲ್ಲದಿರುವುದು. ಹಳ್ಳಿಯಲ್ಲಿ ಅವರು ಬೀಳುತ್ತಿದ್ದರು. ಮೈಸೂರಿನಲ್ಲಿ ಬೀಳಲಿಲ್ಲ.

ಬೆಂಗಳೂರಿಗೆ ಬಂದು ಕಂಠೀರವದಲ್ಲಿ ಅಭ್ಯಾಸಕ್ಕೆ ನಿಂತಾಗ ತರಬೇತುದಾರರು ಮಾಡಿದ ಮೊದಲ ಕೆಲಸ ನನ್ನ ಕೈಗಡಿಯಾರ ಬಿಚ್ಚಿಸಿದ್ದು. ಪ್ರತಿ ನೂರು ಮೀಟರಿಗೆ ಒಂದು ಪ್ಲಾಸ್ಟಿಕ್ ಕೋನ್ ಇಟ್ಟು, ಹದಿನೆಂಟೂವರೆ ಸೆಕೆಂಡಿಗೊಮ್ಮೆ ಸೀಟಿ ಊದುತ್ತಿದ್ದರು. ಸೀಟಿ ಕೇಳಿದಾಗ ನಾನು ಕೋನಿನ ಪಕ್ಕದಲ್ಲೇ ಇರಬೇಕು. ಮುಂದಿದ್ದರೆ ಹಿಂದಿದ್ದದ್ದಕ್ಕಿಂತ ಜಾಸ್ತಿ ಬೈಗುಳ. ಹಾಗೆ ಓಡಿದರೆ ಸುತ್ತಿಗೆ 74 ಸೆಕೆಂಡ್. ಅದನ್ನೇ 25 ಸಲ ಮಾಡಿದರೆ 31 ನಿಮಿಷದೊಳಗೆ ಹತ್ತು ಸಾವಿರ. ಮೂರು ತಿಂಗಳು ಕಳೆದ ಮೇಲೆ ಸೀಟಿ ನಿಲ್ಲಿಸಿ, "ಈಗ ಓಡಿದ್ದು ಎಷ್ಟು ಹೇಳು" ಎಂದು ಕೇಳತೊಡಗಿದರು. ಒಂದು ಸೆಕೆಂಡಿನ ಆಚೀಚೆ ಹೇಳುವಷ್ಟಾದೆ. ನಾನು ಓಟಗಾರನಾದದ್ದು ಅಲ್ಲಿ, ಪದಕ ಬಂದಾಗಲ್ಲ.

ಮೊದಲ ಹತ್ತು ಸುತ್ತು ಸುಮ್ಮನೆ ಕಳೆದುಹೋಗುತ್ತವೆ. ಕೊನೆಯ ಮೂರನ್ನು ಜನರ ಕೂಗೇ ದಾಟಿಸುತ್ತದೆ. ಕಾಡುವುದು ಹದಿನೈದರಿಂದ ಇಪ್ಪತ್ತರವರೆಗಿನವು. ಕಾಲಿಗಿಂತ ಮೊದಲು ಮನಸ್ಸು ಚೌಕಾಸಿಗೆ ಇಳಿಯುತ್ತದೆ: ಈ ಒಂದು ಸುತ್ತು ನಿಧಾನ ಮಾಡು, ಮುಂದಿನದರಲ್ಲಿ ಸರಿದೂಗಿಸಿದರಾಯಿತು ಎಂದು. ಸರಿದೂಗಿಸಿದವರನ್ನು ನಾನು ನೋಡಿಲ್ಲ. ಆ ಹೊತ್ತಿಗೆ ಎದುರಿನವನ ಬನಿಯನ್ನಿನ ಬೆವರಿನ ಕಲೆಗೆ ಕಣ್ಣು ನೆಟ್ಟು, ಅವನ ಬೆನ್ನ ಹಿಂದೆಯೇ ಒಳಗೆರೆ ಬಿಡದೆ ಓಡುತ್ತಿದ್ದೆ. ಎರಡನೆಯ ಲೇನಿನಲ್ಲಿ ಓಡಿದವನಿಗೆ ಸುತ್ತೊಂದಕ್ಕೆ ಏಳು ಮೀಟರಿಗಿಂತ ಹೆಚ್ಚು ದಂಡ. ಬಿಸಿ ರಕ್ತದಲ್ಲಿ ಯಾರೂ ಈ ಲೆಕ್ಕ ಹಾಕುವುದಿಲ್ಲ.

ಲೆಕ್ಕ ಕಲಿತವನೇ ಮುಂದೆ ಲೆಕ್ಕ ತಪ್ಪಿದೆ. ವಾರಕ್ಕೆ 90 ಕಿಲೋಮೀಟರ್ ಓಡುತ್ತಿದ್ದವನು ರಾಷ್ಟ್ರಮಟ್ಟದ ಆಸೆಗೆ ಒಂದೇ ತಿಂಗಳಲ್ಲಿ 130ಕ್ಕೆ ಏರಿಸಿದೆ. ಮೊಣಕಾಲಿನ ಕೆಳಗಿನ ಮೂಳೆಯ ಮೇಲೆ ಬೆರಳಿಟ್ಟು ತೋರಿಸಬಹುದಾದಷ್ಟು ಜಾಗದಲ್ಲಿ ನೋವು ಶುರುವಾಯಿತು. ಹಾಸ್ಟೆಲಿನಲ್ಲಿ ಯಾರಿಗೂ ಹೇಳದೆ ಮೂರು ವಾರ ಅದರ ಮೇಲೇ ಓಡಿದೆ. ಕೊನೆಗೆ ಸ್ಕ್ಯಾನ್ ಮಾಡಿಸಿದಾಗ ಮೂಳೆಯಲ್ಲಿ ಸಣ್ಣ ಬಿರುಕು ಕಂಡಿತು. ನಾಲ್ಕು ತಿಂಗಳು ಓಟವಿಲ್ಲ, ಒಂದಿಡೀ ಋತು ಹಾಳು. ತಪ್ಪು ನನ್ನದೇ.

30 ನಿಮಿಷ 48 ಸೆಕೆಂಡ್ ನನ್ನ ಅತ್ಯುತ್ತಮ. ರಾಜ್ಯದಲ್ಲಿ ಹೆಸರು ಹೇಳುವಷ್ಟಾಯಿತು, ಕ್ರೀಡಾ ಕೋಟಾದಲ್ಲಿ ರೈಲ್ವೆ ಕೆಲಸವೂ ಸಿಕ್ಕಿತು. ಟ್ರ್ಯಾಕ್ ನೇರವಾಗಿ ದುಡ್ಡು ಕೊಡಲಿಲ್ಲ. ತಂಗಿಯ ಮದುವೆಯ ಸಾಲ ತೀರಿದ್ದು ರಸ್ತೆ ಓಟಗಳ ಬಹುಮಾನದಿಂದ. ರಸ್ತೆಗೆ ಹೋಗುವವರನ್ನು ಆಡಿಕೊಳ್ಳುವವರು ಒಮ್ಮೆ ಓಟಗಾರನ ಊಟದ ಖರ್ಚು ನೋಡಬೇಕು.

ಹತ್ತು ಸಾವಿರ ಮೀಟರಿನಲ್ಲಿ ಸುರೇಂದ್ರ ಸಿಂಗ್ 2008ರಲ್ಲಿ ಮಾಡಿದ್ದ 28 ನಿಮಿಷ 2.89 ಸೆಕೆಂಡಿನ ರಾಷ್ಟ್ರೀಯ ದಾಖಲೆ ನಮ್ಮ ಕಾಲದವರಿಗೆ ಗೋಡೆಯಂತಿತ್ತು. ಅದನ್ನು 2024ರಲ್ಲಿ ಒಡೆದ ಗುಲ್ವೀರ್ ಸಿಂಗ್, ಮರುವರ್ಷ 27 ನಿಮಿಷ 0.22 ಸೆಕೆಂಡಿಗೆ ಇಳಿಸಿದರು. ಅಂದರೆ ಪ್ರತಿ ಸುತ್ತಿಗೆ 65 ಸೆಕೆಂಡಿಗೂ ಕಡಿಮೆ. ಸುದ್ದಿ ಓದಿದ ವಾರ, ಅದು ಹೇಗಿರುತ್ತದೋ ನೋಡೋಣವೆಂದು ಬೆಳಗಿನ ಆರಕ್ಕೆ ಹಳೆಯ ಸ್ಪೈಕ್ಸ್ ಕಟ್ಟಿಕೊಂಡು ಟ್ರ್ಯಾಕಿಗೆ ಇಳಿದೆ. ಎರಡು ಸುತ್ತು ಆ ವೇಗ ಹಿಡಿದೆ. ಮೂರನೆಯದರ ತಿರುವಿನಲ್ಲಿ ನಿಂತು, ಮೊಣಕಾಲಿಗೆ ಕೈಯೂರಿ, ಉಳಿದ 22 ಸುತ್ತುಗಳನ್ನು ನೆನೆದು ಒಬ್ಬನೇ ನಕ್ಕೆ.