ಎರಡು ಸಮವಸ್ತ್ರ, ಒಂದು ಕ್ಯಾಲೆಂಡರ್: ನನ್ನ ಅನುಭವ

ವಿಮಾನಯಾನ ಸಂಸ್ಥೆಯಲ್ಲಿ ಪೈಲಟ್ ಆಗಿದ್ದುಕೊಂಡೇ ಪ್ರಾದೇಶಿಕ ಸೇನೆಯಲ್ಲಿ, ಅಂದರೆ ನಾಗರಿಕರು ತಮ್ಮ ನೌಕರಿ ಬಿಡದೆ ವರ್ಷದಲ್ಲಿ ಸ್ವಲ್ಪ ಕಾಲ ಸೇವೆ ಸಲ್ಲಿಸುವ ಟೆರಿಟೋರಿಯಲ್ ಆರ್ಮಿಯಲ್ಲಿ (ಟಿಎ), ಅಧಿಕಾರಿಯಾಗಿದ್ದೇನೆ ಎಂದು ಹೇಳಿದರೆ ಜನ ಮೊದಲು ಕೇಳುವುದು, ಅಷ್ಟು ರಜೆ ಹೇಗೆ ಸಿಗುತ್ತದೆ ಎಂದು. ರಜೆಯ ತೊಡಕು ಇಲ್ಲವೆನ್ನಲಾರೆ, ಆದರೆ ಅದಕ್ಕಿಂತ ದೊಡ್ಡ ತೊಡಕು ಬೇರೆ ಇದೆ. ಪೈಲಟ್‌ನ ಕೆಲಸವೆಲ್ಲ ಒಂದರ ಪಕ್ಕದಲ್ಲಿ ಒಂದು ಓಡುತ್ತಿರುವ ಗಡುವುಗಳ ಮೇಲೆ ನಿಂತಿರುತ್ತದೆ. ವೈದ್ಯಕೀಯ ಪ್ರಮಾಣಪತ್ರ ಒಂದು ದಿನ ಮುಗಿದರೆ, ಆರು ತಿಂಗಳಿಗೊಮ್ಮೆ, ಹಾರಾಟದ ಅನುಭವವನ್ನು ನೆಲದ ಮೇಲೆಯೇ ಕೊಡುವ ಯಂತ್ರವಾದ ಸಿಮ್ಯುಲೇಟರ್‌ನಲ್ಲಿ ಕೊಡಬೇಕಾದ ಪ್ರಾವೀಣ್ಯ ಪರೀಕ್ಷೆಯ ಅವಧಿ ಇನ್ನೊಂದು ದಿನ ಮುಗಿಯುತ್ತದೆ, ವಾರ್ಷಿಕ ಪುನರ್‌ತರಬೇತಿಗಳದ್ದು ಮತ್ತೊಂದು ದಿನ. ಇವುಗಳ ನಡುವೆ ಸೇನೆ ತನ್ನ ತಾರೀಖುಗಳನ್ನು ತಂದಿಡುತ್ತದೆ. ಈ ಎರಡನ್ನೂ ಒಂದೇ ಕ್ಯಾಲೆಂಡರಿನಲ್ಲಿ ಕೂರಿಸುವುದೇ ನಾನು ಮಾಡಿದ ಕೆಲಸ.

ಪ್ರಾದೇಶಿಕ ಸೇನೆ ಎಂದರೆ ಬೆಂಗಳೂರಿನ ಬಹುಪಾಲು ಜನರಿಗೆ ನೆನಪಾಗುವುದು ಮಹೇಂದ್ರ ಸಿಂಗ್ ಧೋನಿ. ಅವರು 2011ರಲ್ಲಿ ಗೌರವ ಲೆಫ್ಟಿನೆಂಟ್ ಕರ್ನಲ್ ಆಗಿ ಸೇರಿದ 106ನೇ ಪ್ಯಾರಾ ಟಿಎ ಬೆಟಾಲಿಯನ್ ಇರುವುದು ನಮ್ಮ ಊರಿನಲ್ಲೇ. ಆದರೆ ಗೌರವ ಹುದ್ದೆಯ ದಾರಿ ಬೇರೆ, ನನ್ನಂತಹವರ ದಾರಿ ಬೇರೆ. 1948ರ ಕಾಯ್ದೆಯಡಿ ರೂಪುಗೊಂಡು, 1949ರ ಅಕ್ಟೋಬರ್ 9ರಂದು ಗವರ್ನರ್ ಜನರಲ್ ಸಿ. ರಾಜಗೋಪಾಲಾಚಾರಿಯವರಿಂದ ಉದ್ಘಾಟನೆಗೊಂಡ ಈ ಸೇನೆಯಲ್ಲಿ ಅಧಿಕಾರಿಯಾಗಲು ಪದವಿ ಇರಬೇಕು, ವಯಸ್ಸು 18ರಿಂದ 42ರ ಒಳಗಿರಬೇಕು, ಎಲ್ಲಕ್ಕಿಂತ ಮುಖ್ಯವಾಗಿ ಅರ್ಜಿದಾರನಿಗೆ ಬೇರೊಂದು ಜೀವನೋಪಾಯ ಇರಬೇಕು. ಹೊಟ್ಟೆಪಾಡಿಗೆ ಇದನ್ನು ನಂಬಿಕೊಂಡು ಬರಬೇಡಿ ಎಂದು ನೇಮಕಾತಿ ಪ್ರಕಟಣೆಯೇ ಸ್ಪಷ್ಟವಾಗಿ ಹೇಳುತ್ತದೆ. ಪೂರ್ಣಾವಧಿ ಉದ್ಯೋಗದ ಭರವಸೆಯನ್ನಾಗಲಿ ಪಿಂಚಣಿಯ ಭರವಸೆಯನ್ನಾಗಲಿ ಅದು ಕೊಡುವುದಿಲ್ಲ. ಲಿಖಿತ ಪರೀಕ್ಷೆ, ಪ್ರಾಥಮಿಕ ಸಂದರ್ಶನ, ಸರ್ವೀಸಸ್ ಸೆಲೆಕ್ಷನ್ ಬೋರ್ಡ್, ವೈದ್ಯಕೀಯ ತಪಾಸಣೆ, ಇಷ್ಟು ಹಂತಗಳನ್ನು ದಾಟಿದ ಮೇಲೆ ಲೆಫ್ಟಿನೆಂಟ್ ಹುದ್ದೆ ಸಿಗುತ್ತದೆ. ಈ ಹಂತಗಳ ಬಗ್ಗೆ ಮಾಹಿತಿ ಎಲ್ಲೆಡೆ ಸಿಗುವುದರಿಂದ ಇಲ್ಲಿ ಬೆಳೆಸುವುದಿಲ್ಲ.

ಪೈಲಟ್ ಆದವನು ವಾಯುಪಡೆಗೆ ಹೋಗದೆ ಭೂಸೇನೆಗೆ ಏಕೆ ಹೋದ ಎಂದು ಕೇಳುವವರೂ ಇದ್ದಾರೆ. ಅಮೆರಿಕದಲ್ಲಿ ವಿಮಾನಯಾನ ಸಂಸ್ಥೆಗಳ ಪೈಲಟ್‌ಗಳು ವಾಯುಪಡೆಯ ಮೀಸಲು ದಳಗಳಲ್ಲಿ ತಿಂಗಳಿಗೆ ಕೆಲವು ದಿನ ಸೇನಾ ವಿಮಾನಗಳನ್ನು ಹಾರಿಸುವುದು ಮಾಮೂಲಿನ ಸಂಗತಿ. ಅವರ ನೌಕರಿಯನ್ನೂ ಸೇವಾ ಹಿರಿತನವನ್ನೂ ಕಾಪಾಡಲು 1994ರ ಕಾನೂನೊಂದು ಇದೆ. ನಮ್ಮಲ್ಲಿ ನಾಗರಿಕನೊಬ್ಬ ನೌಕರಿ ಬಿಡದೆ ಅಧಿಕಾರಿಯಾಗಿ ಸೇರಲು ನನಗೆ ಕಂಡ ಬಾಗಿಲು ಪ್ರಾದೇಶಿಕ ಸೇನೆಯದು. ಇದರಿಂದ ಒಂದು ವ್ಯತ್ಯಾಸವಾಗುತ್ತದೆ: ಅವರಿಗೆ ಎರಡೂ ಕಡೆ ಹಾರಾಟವೇ ಆದ್ದರಿಂದ ಕೈ ಪಳಗಿರುತ್ತದೆ, ನಾನು ಕ್ಯಾಂಪಿಗೆ ಹೋದೆನೆಂದರೆ ಕಾಕ್‌ಪಿಟ್‌ನ ಬಾಗಿಲು ಪೂರ್ತಿ ಮುಚ್ಚಿದಂತೆಯೇ.

ಸೇನೆ ಕೇಳುವ ಸಮಯದ ಲೆಕ್ಕ ಹೀಗಿದೆ. ಮೊದಲ ವರ್ಷ ಒಂದು ತಿಂಗಳ ಮೂಲ ತರಬೇತಿ, ಪ್ರತಿ ವರ್ಷ ಎರಡು ತಿಂಗಳ ವಾರ್ಷಿಕ ಶಿಬಿರ, ಮೊದಲ ಎರಡು ವರ್ಷಗಳೊಳಗೆ ಡೆಹ್ರಾಡೂನಿನ ಸೇನಾ ಅಕಾಡೆಮಿಯಲ್ಲಿ ಮೂರು ತಿಂಗಳ ತರಬೇತಿ. ಎರಡು ತಿಂಗಳಿಗೂ ಮೂರು ತಿಂಗಳಿಗೂ ಬೇರೆ ಉದ್ಯೋಗದವರಿಗೆ ಹೆಚ್ಚಿನ ವ್ಯತ್ಯಾಸ ಕಾಣದಿರಬಹುದು. ಪೈಲಟ್‌ಗೆ ಅದು ಎರಡು ಬೇರೆ ಲೋಕಗಳು. ಪ್ರಯಾಣಿಕರನ್ನು ಕೂರಿಸಿಕೊಂಡು ಹಾರಬೇಕಾದರೆ ಹಿಂದಿನ 90 ದಿನಗಳಲ್ಲಿ ಕನಿಷ್ಠ ಮೂರು ಟೇಕಾಫ್, ಮೂರು ಲ್ಯಾಂಡಿಂಗ್ ಮಾಡಿರಬೇಕೆಂಬ ನಿಯಮವಿದೆ. ಎರಡು ತಿಂಗಳ ಶಿಬಿರ ಈ ಕಿಟಕಿಯೊಳಗೆ ಹಿಡಿಸುತ್ತದೆ, ಮೂರು ತಿಂಗಳ ತರಬೇತಿ ಹಿಡಿಸುವುದಿಲ್ಲ.

ಹಾಗಾಗಿ ಶಿಬಿರದ ವರ್ಷಗಳಲ್ಲಿ ನನ್ನ ಯೋಜನೆ ಶಿಬಿರದ ತಾರೀಖಿನಿಂದ ಹಿಂದಕ್ಕೆ ಸಾಗುತ್ತದೆ. ಬೆಟಾಲಿಯನ್ನಿನ ಆಡಳಿತ ನೋಡಿಕೊಳ್ಳುವ ಅಧಿಕಾರಿಯಾದ ಅಡ್ಜುಟೆಂಟ್‌ರಿಂದ ಶಿಬಿರದ ತಾರೀಖು ಆದಷ್ಟು ಬೇಗ ತಿಳಿದುಕೊಂಡು, ಹೊರಡುವ ಮುಂಚಿನ ವಾರದಲ್ಲಿ ಬರಿಯ ಹಾರಾಟ ಇದ್ದರೆ ಸಾಲದು, ಲ್ಯಾಂಡಿಂಗ್ ನನ್ನ ಕೈಯಲ್ಲಿರುವ ಹಾರಾಟಗಳು ಇರುವಂತೆ ನೋಡಿಕೊಳ್ಳುತ್ತೇನೆ. ಕಾಕ್‌ಪಿಟ್‌ನಲ್ಲಿ ಇಬ್ಬರಿರುತ್ತೇವೆ, ಒಂದು ಲ್ಯಾಂಡಿಂಗ್ ಒಬ್ಬರ ಲೆಕ್ಕಕ್ಕೆ ಮಾತ್ರ ಸೇರುತ್ತದೆ ಎಂಬುದು ಹೊರಗಿನವರಿಗೆ ಹೊಳೆಯದ ಸಂಗತಿ. ಸಂದರ್ಭ ವಿವರಿಸಿದರೆ ಜೊತೆಯವರು ಯಾರೂ ಇಲ್ಲವೆಂದಿಲ್ಲ. ಸಿಮ್ಯುಲೇಟರ್ ಪರೀಕ್ಷೆಯನ್ನೂ ವೈದ್ಯಕೀಯ ತಪಾಸಣೆಯನ್ನೂ ಶಿಬಿರಕ್ಕೆ ಮುಂಚೆಯೇ ಮುಗಿಸಿಬಿಡುತ್ತೇನೆ. ಶಿಬಿರದ ನಡುವೆ ಒಂದು ಅವಧಿ ಮುಗಿದುಹೋದರೆ, ಹಿಂತಿರುಗಿದ ಮೇಲೆ ಸಿಮ್ಯುಲೇಟರ್ ಸ್ಲಾಟ್‌ಗಾಗಿ ಕಾಯುತ್ತಾ ಮನೆಯಲ್ಲಿ ಕೂರಬೇಕಾಗುತ್ತದೆ, ಆಗ ಎರಡು ತಿಂಗಳ ಗೈರುಹಾಜರಿ ಮೂರಾಗುತ್ತದೆ.

ಡೆಹ್ರಾಡೂನಿನ ವರ್ಷ ಮಾತ್ರ ಈ ಜಾಣತನ ನಡೆಯಲಿಲ್ಲ. 90 ದಿನ ಮೀರುವುದು ಖಚಿತವಿದ್ದುದರಿಂದ ಸಂಸ್ಥೆಯ ತರಬೇತಿ ವಿಭಾಗಕ್ಕೆ ಮೊದಲೇ ಪತ್ರ ಬರೆದು, ಹಿಂತಿರುಗಿದ ಕೂಡಲೇ ಸಿಮ್ಯುಲೇಟರ್, ಅನಂತರ ಟ್ರೈನಿಂಗ್ ಕ್ಯಾಪ್ಟನ್ ಜೊತೆ ಹಾರಾಟ ಎಂದು ನಿಗದಿ ಮಾಡಿಸಿಕೊಂಡೆ. ಮಂಚದ ಪಕ್ಕದ ಗೋಡೆಗೆ ಏರ್‌ಬಸ್ ಎ320 ಕಾಕ್‌ಪಿಟ್‌ನ ನಿಜ ಅಳತೆಯ ಚಿತ್ರಪಟವನ್ನು ಅಂಟಿಸಿ, ರಾತ್ರಿ ಮಲಗುವ ಮುಂಚೆ ತಲೆಯ ಮೇಲಿರುವ ಓವರ್‌ಹೆಡ್ ಪ್ಯಾನೆಲ್‌ನಿಂದ ಆರಂಭಿಸಿ ಸ್ವಿಚ್ಚುಗಳ ಮೇಲೆ ಬೆರಳಾಡಿಸುತ್ತಾ, ಚೆಕ್‌ಲಿಸ್ಟ್ ಬಾಯಲ್ಲಿ ಹೇಳಿಕೊಳ್ಳುತ್ತಿದ್ದೆ. ಮಾಯಾಮಂತ್ರ ನಡೆಯುತ್ತಿದೆಯೆಂದು ಕೋಣೆಯ ಜೊತೆಗಾರ ಮೊದಲ ದಿನ ಅಂದುಕೊಂಡಿದ್ದನಂತೆ. ಅಭ್ಯಾಸ ತಪ್ಪಿದಾಗ ಏನು ಹೋಗುತ್ತದೆಂಬುದು ಸಿಮ್ಯುಲೇಟರ್‌ಗೆ ಮರಳಿದಾಗ ತಿಳಿಯಿತು. ಒಂದು ಎಂಜಿನ್ ಕೈಕೊಟ್ಟರೆ ವಿಮಾನವನ್ನು ನೇರವಾಗಿಡಲು ಯಾವ ಕಡೆಯ ರಡರ್ ಪೆಡಲ್ ಒತ್ತಬೇಕೆಂಬುದನ್ನು ಕಾಲು ಮರೆತಿರಲಿಲ್ಲ. ತಡವರಿಸಿದ್ದು ಯಾವ ಎತ್ತರದಲ್ಲಿ ಯಾವ ಮಾತನ್ನು ಕೂಗಿ ಹೇಳಬೇಕು, ಯಾವ ಸ್ವಿಚ್ಚಿನ ಅನಂತರ ಯಾವುದು ಎಂಬ ಸಣ್ಣ ಕ್ರಮಗಳಲ್ಲಿ. ಗೋಡೆಯ ಚಿತ್ರಪಟ ಅಷ್ಟರ ಮಟ್ಟಿಗೆ ಕೈ ಹಿಡಿಯಿತು.

ದೇಹದ ವಿಷಯ ಇನ್ನೂ ಸೂಕ್ಷ್ಮ. ವೃತ್ತಿಪರ ಪೈಲಟ್‌ಗಳಿಗೆ ಕಡ್ಡಾಯವಾದ ಕ್ಲಾಸ್ 1 ವೈದ್ಯಕೀಯ ಪರೀಕ್ಷೆ ನನಗೆ ಮೊದಲು ನಡೆದದ್ದು ಬೆಂಗಳೂರಿನ ವಿಮಾನಪುರದ ಇನ್‌ಸ್ಟಿಟ್ಯೂಟ್ ಆಫ್ ಏರೋಸ್ಪೇಸ್ ಮೆಡಿಸಿನ್‌ನಲ್ಲಿ. ಅಲ್ಲಿ ಕಿವಿಯ ಪರೀಕ್ಷೆಗೆ ಪುಟ್ಟ ಕೋಣೆಯಲ್ಲಿ ಕೂತು, ಕೇಳಿಸಿತೋ ಇಲ್ಲವೋ ಎಂಬಷ್ಟು ಸಣ್ಣ ಸದ್ದಿಗೆ ಗುಂಡಿ ಒತ್ತಿದವರಿಗೆಲ್ಲ, ವರದಿಯಲ್ಲಿ ಕೇಳುವ ಶಕ್ತಿಯನ್ನು ತೋರಿಸುವ ಗೆರೆ ಸ್ವಲ್ಪ ಕೆಳಗಿಳಿದರೂ ನೌಕರಿಗೇ ಸಂಚಕಾರ ಬರಬಹುದೆಂಬುದು ಗೊತ್ತು. ಇತ್ತ ಫೈರಿಂಗ್ ರೇಂಜಿನಲ್ಲಿ ಸಾಲಾಗಿ ಮಲಗಿ ಇನ್ಸಾಸ್ ರೈಫಲ್‌ನಿಂದ ಗುಂಡು ಹಾರಿಸುವಾಗ ಬಲಗಡೆಯವನ ರೈಫಲ್ಲಿನ ಸದ್ದು ನೇರ ಕಿವಿಗೆ ಬಡಿಯುತ್ತದೆ. ನಾನು ಫೋಮ್ ಬೆಂಡನ್ನು ಕಿವಿಯೊಳಗೆ ತುರುಕಿ ಅದರ ಮೇಲೆ ಇಯರ್ ಮಫ್ ಹಾಕಿಕೊಳ್ಳುವುದನ್ನು ನೋಡಿ, ಬಾಗಲಕೋಟೆ ಕಡೆಯ ಹವಾಲ್ದಾರರೊಬ್ಬರು, "ಏನ್ರೀ ಸಾಹೇಬ್ರ, ಮುಗಿಲಾಗ ಹಾರಾಡೋರಿಗೆ ಕಣ್ಣು ಬೇಕು ಅಂತ ಕೇಳಿದ್ದೆ, ಕಿವಿನೂ ಬೇಕೇನ್ರಿ?" ಎಂದು ನಕ್ಕಿದ್ದರು. ರೇಡಿಯೋದಲ್ಲಿ ಒಬ್ಬರ ಮೇಲೊಬ್ಬರು ಮಾತಾಡುವಾಗ ನಮ್ಮ ವಿಮಾನದ ಕರೆಯನ್ನು ಹೆಕ್ಕಿ ತೆಗೆಯಬೇಕಾಗುತ್ತದೆಂದು ವಿವರಿಸಿದೆ. ಮರುದಿನ ಅವರ ಕಿವಿಯಲ್ಲೂ ಬೆಂಡು ಇತ್ತು.

ಔಷಧಿಯ ವಿಷಯದಲ್ಲೂ ಹೀಗೆಯೇ. ಶಿಬಿರದಲ್ಲಿ ನೆಗಡಿ ಕೆಮ್ಮು ಬಂದರೆ ಸೇನೆಯ ಚಿಕಿತ್ಸಾ ಕೊಠಡಿಯಾದ ಎಂಐ ರೂಮಿನಲ್ಲಿ ಸಲೀಸಾಗಿ ಮಾತ್ರೆ, ಸಿರಪ್ ಕೊಡುತ್ತಾರೆ. ನಿದ್ದೆ ಬರಿಸುವ ಔಷಧಿ, ಆಲ್ಕೊಹಾಲ್ ಇರುವ ಸಿರಪ್ ಅಥವಾ ಮೌತ್‌ವಾಷ್ ಇವೆಲ್ಲ ಹಾರಾಟ ಹತ್ತಿರವಿದ್ದಾಗ ನನಗೆ ವರ್ಜ್ಯ, ಏಕೆಂದರೆ ಮಂಪರಿನಲ್ಲಿ ಹಾರುವಂತಿಲ್ಲ, ಮೇಲಾಗಿ ಹಾರಾಟಕ್ಕೆ ಮುಂಚೆ ಬ್ರೆತ್ ಅನಲೈಸರ್ ಊದಬೇಕು, ಅದರಲ್ಲಿ ಸೊನ್ನೆಯೇ ಬರಬೇಕು. ಶಿಬಿರದ ಕೊನೆಯಲ್ಲಿ ರಕ್ತದಾನ ಇಟ್ಟುಕೊಂಡರೆ ನಾನು ಮೊದಲ ವಾರದಲ್ಲೇ ಅವಕಾಶ ಕೇಳುತ್ತೇನೆ, ರಕ್ತ ಕೊಟ್ಟ ಕೂಡಲೇ ಹಾರುವಂತಿಲ್ಲ. ಬೀಳ್ಕೊಡುಗೆಯ ರಾತ್ರಿ ಮೆಸ್ಸಿನಲ್ಲಿ ನಿಂಬೆ ಪಾನಕ ಹಿಡಿದು ನಿಲ್ಲುವ ಅಧಿಕಾರಿ ಎಂದು ನನಗೆ ಹೆಸರಾಗಿದೆ. ಅದು ಸಹಿಸಬಹುದಾದ ಹೆಸರು.

ನಾಗರಿಕ ವಿಮಾನಯಾನದ ನಿಯಂತ್ರಣ ಸಂಸ್ಥೆಯಾದ ಡಿಜಿಸಿಎಯ ನಿಯಮಗಳು ಈಚೆಗೆ ಪೈಲಟ್‌ಗಳ ವಾರದ ವಿಶ್ರಾಂತಿಯನ್ನು 36 ಗಂಟೆಗಳಿಂದ 48ಕ್ಕೆ ಏರಿಸಿವೆ. ವಿಶ್ರಾಂತಿಯ ಹೊತ್ತಿನಲ್ಲಿ ಬೆಟಾಲಿಯನ್ನಿನ ಕೆಲಸವನ್ನು ತುರುಕುವುದು ನಿಯಮದ ಮಾತು ಒತ್ತಟ್ಟಿಗಿರಲಿ, ನನ್ನ ಮಟ್ಟಿಗೆ ಅಪ್ರಾಮಾಣಿಕತೆ. ಹಿಂದೆ ಕೂತ ಪ್ರಯಾಣಿಕರಿಗೆ ನನ್ನ ದೇಶಸೇವೆಯ ದಣಿವಿನೊಂದಿಗೆ ಯಾವ ಸಂಬಂಧವೂ ಇಲ್ಲ. ಶಿಬಿರ ಮುಗಿದ ಮೇಲೆ ಕೆಲವು ದಿನ ಬಿಟ್ಟೇ ಹಾರಾಟಕ್ಕೆ ಹಾಜರಾಗುತ್ತೇನೆ. ಬೆಳಗಿನ ಜಾವ ಪಿಟಿಗೆ ಏಳುತ್ತಿದ್ದ ದೇಹ ರಾತ್ರಿ ಎರಡು ಗಂಟೆಗೆ ಸಾದಹಳ್ಳಿ ಟೋಲ್ ದಾಟಿ ವಿಮಾನ ನಿಲ್ದಾಣಕ್ಕೆ ಹೋಗಲು ಒಪ್ಪುವುದಿಲ್ಲವಾದ್ದರಿಂದ, ಮೊದಲ ವಾರ ಹಗಲಿನ ಹಾರಾಟಗಳನ್ನೇ ಕೇಳಿಕೊಳ್ಳುತ್ತೇನೆ. ಕೇಳಿದ್ದೆಲ್ಲ ರೋಸ್ಟರ್‌ನಲ್ಲಿ, ಅಂದರೆ ಯಾರು ಯಾವಾಗ ಹಾರಬೇಕೆಂಬ ತಿಂಗಳ ಪಟ್ಟಿಯಲ್ಲಿ, ಸಿಗುತ್ತದೆಂದೇನೂ ಇಲ್ಲ.

ಉದ್ಯೋಗದಾತರ ವಿಷಯಕ್ಕೆ ಬಂದರೆ, ಪ್ರಾದೇಶಿಕ ಸೇನಾ ಕಾಯ್ದೆ ನಮ್ಮ ಪರವಾಗಿಯೇ ಇದೆ. ಸೇವೆಗೆ ಕರೆ ಬಂದವನಿಗೆ ರಜೆ ಕೊಡುವುದು, ಸೇವೆ ಮುಗಿದ ಮೇಲೆ ಹೋಗದೇ ಇದ್ದಿದ್ದರೆ ಇರುತ್ತಿದ್ದುದಕ್ಕಿಂತ ಕಡಿಮೆಯಲ್ಲದ ಷರತ್ತುಗಳ ಮೇಲೆ ಮರಳಿ ಕೆಲಸ ಕೊಡುವುದು ಉದ್ಯೋಗದಾತನ ಕರ್ತವ್ಯ ಎಂದು ಅದು ಹೇಳುತ್ತದೆ. ಆದರೆ ಕ್ರೂ ಶೆಡ್ಯೂಲಿಂಗ್ ವಿಭಾಗದ ಮೇಜಿನ ಮೇಲೆ ಕಾಯ್ದೆಯ ಪ್ರತಿ ಇಟ್ಟರೆ ಕೆಲಸವಾಗುವುದಿಲ್ಲ. ತಿಂಗಳ ರೋಸ್ಟರ್ ಹೊರಬರುವ ಮುಂಚೆ, ಬೆಟಾಲಿಯನ್ನಿನ ಪತ್ರದೊಂದಿಗೆ, ಯಾವ ದಿನ ಹೊರಟು ಯಾವ ದಿನ ಹಾರಲು ಸಿದ್ಧನಿರುತ್ತೇನೆಂದು ಬರೆದು ಕೊಟ್ಟರೆ ಆಗುತ್ತದೆ. ಸಂಬಳದ ಲೆಕ್ಕವನ್ನೂ ಮೊದಲೇ ಹಾಕಿಕೊಳ್ಳಬೇಕು. ಸೇವೆಯಲ್ಲಿರುವ ದಿನಗಳಿಗೆ ಸೇನೆ ಹುದ್ದೆಗೆ ತಕ್ಕ ಸಂಬಳ, ಭತ್ಯೆ ಕೊಡುತ್ತದೆ, ಆದರೆ ಗಂಟೆಗಳ ಲೆಕ್ಕದ ಹಾರಾಟ ಭತ್ಯೆ ಆ ತಿಂಗಳುಗಳಲ್ಲಿ ಸೊನ್ನೆ. ಮನೆ ಸಾಲದ ಕಂತು ಕಟ್ಟುವವರು ವರ್ಷದ ಹತ್ತು ತಿಂಗಳ ಆದಾಯವನ್ನು ಹನ್ನೆರಡಕ್ಕೆ ಹರಡಿಕೊಳ್ಳಬೇಕು. ಇನ್ನೊಂದು, ದೇಹಸ್ಥಿತಿ ಕೆಟ್ಟು ಹಾರುವ ಪರವಾನಗಿ ಹೋದರೆ ಹಣ ಕೊಡುವ ಪರವಾನಗಿ ನಷ್ಟದ ವಿಮೆಯ ಷರತ್ತುಗಳನ್ನು ಸಣ್ಣ ಅಕ್ಷರದವರೆಗೆ ಓದಿ. ನನ್ನ ಪಾಲಿಸಿಯಲ್ಲಿ ಸೇನಾ ಸೇವೆಯ ವೇಳೆ ಆದ ಗಾಯವನ್ನು ಹೊರಗಿಡುವ ಸಾಲೊಂದಿತ್ತು. ಅದನ್ನು ಬದಲಿಸಿಕೊಳ್ಳಲು ಹೆಚ್ಚಿನ ಕಂತು ಕಟ್ಟಬೇಕಾಯಿತು.

ಇಷ್ಟೆಲ್ಲ ಯೋಜನೆ ಶಾಂತಿಕಾಲದ್ದು. 2025ರ ಮೇ ತಿಂಗಳಲ್ಲಿ ಆಪರೇಷನ್ ಸಿಂಧೂರ್ ನಡೆದ ದಿನಗಳಲ್ಲಿ, ಪ್ರಾದೇಶಿಕ ಸೇನೆಯ ಅಧಿಕಾರಿಗಳನ್ನೂ ಸಿಬ್ಬಂದಿಯನ್ನೂ ಸೇವೆಗೆ ಕರೆಯುವ ಅಧಿಕಾರವನ್ನು ಕೇಂದ್ರ ಸರ್ಕಾರ ಭೂಸೇನಾ ಮುಖ್ಯಸ್ಥರಿಗೆ ಕೊಟ್ಟಿತು. 32 ಇನ್‌ಫೆಂಟ್ರಿ ಬೆಟಾಲಿಯನ್‌ಗಳಲ್ಲಿ 14ನ್ನು ನಿಯೋಜಿಸಲು ಅನುಮತಿ ಸಿಕ್ಕಿತು. ಅದೇ ಹೊತ್ತಿಗೆ ಉತ್ತರ ಮತ್ತು ಪಶ್ಚಿಮ ಭಾರತದ 32 ವಿಮಾನ ನಿಲ್ದಾಣಗಳು ನಾಗರಿಕ ಹಾರಾಟಕ್ಕೆ ಮುಚ್ಚಿದ್ದವು. ಅತ್ತ ರೋಸ್ಟರ್ ಗಂಟೆಗೊಮ್ಮೆ ಬದಲಾಗುತ್ತಿತ್ತು, ಇತ್ತ ಬೆಟಾಲಿಯನ್ನಿನಿಂದ ವಿಳಾಸ, ದೂರವಾಣಿ ಸಂಖ್ಯೆ ಖಚಿತಪಡಿಸಿ ಎಂದು ಕರೆ ಬಂತು. ನಾನು ಮಾಡಿದ್ದಿಷ್ಟೇ: ಚೀಫ್ ಪೈಲಟ್‌ಗೆ ಫೋನ್ ಮಾಡಿ, ಆದೇಶ ಬಂದರೆ ಹೊರಡಬೇಕಾಗುತ್ತದೆ, ಬರುವವರೆಗೆ ಹಾರುತ್ತೇನೆ ಎಂದು ತಿಳಿಸಿದೆ, ಮತ್ತು ಫೋನು ತೆಗೆಯಲಾಗದಷ್ಟು ದೂರದ ಊರಿನಲ್ಲಿ ತಂಗುವ ಲೇಓವರ್ ಹಾಕಬೇಡಿ ಎಂದು ಕೇಳಿಕೊಂಡೆ. ನನಗೆ ಆದೇಶ ಬರಲಿಲ್ಲ. ಮೇ 12ರಂದು ವಿಮಾನ ನಿಲ್ದಾಣಗಳು ಮತ್ತೆ ತೆರೆದವು.

ಮನೆಯವರ ಲೆಕ್ಕ ನನ್ನ ಲೆಕ್ಕಕ್ಕಿಂತ ನಿಖರ. "ನೀವು ಹೋಗೋದು ಎರಡು ತಿಂಗಳು ಅಂತೀರಿ, ಅದಕ್ಕೆ ಮುಂಚಿನ ತಿಂಗಳು ಸಿಮ್ಮು, ಮೆಡಿಕಲ್ಲು, ಹೆಚ್ಚಿನ ಹಾರಾಟ ಅಂತ ಮನೆಯಲ್ಲೇ ಇರಲ್ಲ, ಅದನ್ನ ಯಾರ ಖಾತೆಗೆ ಹಾಕ್ತೀರಿ?" ಎಂದು ನನ್ನ ಹೆಂಡತಿ ಕೇಳಿದ್ದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಈಗ ಆ ಮುಂಚಿನ ತಿಂಗಳನ್ನೂ ಕ್ಯಾಲೆಂಡರಿನಲ್ಲಿ ಕೆಂಪು ಶಾಯಿಯಲ್ಲೇ ಗುರುತು ಹಾಕುತ್ತೇವೆ.

ಸೇರಬೇಕೆಂದು ವಿಚಾರಿಸುವ ಕಿರಿಯ ಪೈಲಟ್‌ಗಳಿಗೆ ನಾನು ಹೇಳುವುದು, ಕ್ಯಾಪ್ಟನ್ ಬಡ್ತಿಯ ತರಬೇತಿ ಹತ್ತಿರದಲ್ಲಿದ್ದರೆ ಅದನ್ನು ಮುಗಿಸಿಕೊಂಡು ಅರ್ಜಿ ಹಾಕಿ ಎಂದು. ಮೊದಲ ಎರಡು ವರ್ಷಗಳಲ್ಲೇ ಸೇನೆ ಅತಿ ಹೆಚ್ಚು ಸಮಯ ಕೇಳುತ್ತದೆ, ಬಡ್ತಿಯ ತರಬೇತಿಯೂ ನಡುವೆ ಬಿಡುವು ಕೊಡುವುದಿಲ್ಲ. 42ರವರೆಗೆ ಅವಕಾಶವಿರುವುದರಿಂದ ಮೂವತ್ತರ ಆಸುಪಾಸಿನವರು ಅವಸರಪಡಬೇಕಾಗಿಲ್ಲ. ನಲವತ್ತು ದಾಟಿದವರು ಮಾತ್ರ, ಕ್ಲಾಸ್ 1 ಪ್ರಮಾಣಪತ್ರ ವರ್ಷಕ್ಕೊಮ್ಮೆಯ ಬದಲು ಆರು ತಿಂಗಳಿಗೊಮ್ಮೆ ಬರತೊಡಗುವುದರಿಂದ, ಆ ಗಡುವನ್ನೂ ಶಿಬಿರದ ಆಚೀಚೆ ಬೀಳುವಂತೆ ಮೊದಲ ವರ್ಷದಿಂದಲೇ ಸರಿಸಿಕೊಳ್ಳುತ್ತಾ ಬರಬೇಕು.