ಪೈಲಟ್‌ಗೆ ಬುತ್ತಿ ಕಟ್ಟುವಾಗ

ಮನೆಯಲ್ಲಿ ವಿಮಾನ ಓಡಿಸುವ ಮಗನೋ ಸೊಸೆಯೋ ಇದ್ದರೆ ಬುತ್ತಿ ಕಟ್ಟುವ ಲೆಕ್ಕವೇ ಬೇರೆ. ಆಫೀಸಿನ ಡಬ್ಬಿ ಎಂಟಕ್ಕೆ ಕಟ್ಟಿದರೆ ಒಂದಕ್ಕೆ ತೆರೆದೀತು. ಇದು ನಸುಕಿನ ಮೂರಕ್ಕೆ ಕಟ್ಟಿಸಿಕೊಂಡು, ಬನಶಂಕರಿಯಿಂದ ದೇವನಹಳ್ಳಿಗೆ ಕ್ಯಾಬ್‌ನಲ್ಲಿ ಹೋಗಿ, ಎರಡು ಊರು ಸುತ್ತಿ, ಹನ್ನೊಂದಕ್ಕೋ ಹನ್ನೆರಡಕ್ಕೋ ತೆರೆಯುವ ಡಬ್ಬಿ. ಏನು ಮಾಡಲಿ ಅಂತ ಕೇಳುವ ಮೊದಲು, ಯಾವ ಸೆಕ್ಟರ್‌ನಲ್ಲಿ, ಅಂದರೆ ಯಾವ ಊರಿಂದ ಯಾವ ಊರಿಗೆ ಹಾರುವಾಗ, ತಿನ್ನುತ್ತೀಯ ಅಂತ ಕೇಳಿ. ಬೆಂಗಳೂರು–ಹುಬ್ಬಳ್ಳಿಯಂಥ ಗಂಟೆ ಹಾರಾಟದಲ್ಲಿ ಏರಿ ಇಳಿಯುವುದರಲ್ಲೇ ಹೊತ್ತು ಮುಗಿಯುತ್ತದೆ. ದೆಹಲಿಯ ಕಡೆಗಾದರೆ ಎರಡೂವರೆ ಗಂಟೆಗೂ ಮೇಲೆ ಇರುತ್ತದೆ, ಒಬ್ಬರು ವಿಮಾನ ನೋಡಿಕೊಳ್ಳುವಾಗ ಇನ್ನೊಬ್ಬರು ಹತ್ತು ಹದಿನೈದು ನಿಮಿಷದಲ್ಲಿ ಉಂಡು ಮುಗಿಸಬಹುದು. ಆ ಹದಿನೈದು ನಿಮಿಷಕ್ಕೆ, ಒಂದು ಚಮಚಕ್ಕೆ, ತೊಡೆಯ ಮೇಲಿನ ತಟ್ಟೆಗೆ ಹೊಂದುವ ಊಟ ಬೇಕು.

ಎಲ್ಲರೂ ಎಡವುವುದು ಬಿಸಿ ಅನ್ನದಲ್ಲಿ. ಪಾಪ, ಬಿಸಿಬಿಸಿ ತಿನ್ನಲಿ ಅಂತ ಹೊಗೆಯಾಡುವ ಚಿತ್ರಾನ್ನವನ್ನು ಡಬ್ಬಿಗೆ ತುಂಬಿ ಮುಚ್ಚುತ್ತೇವೆ. ಅದು ಬಿಸಿಯಾಗಿಯೂ ಉಳಿಯುವುದಿಲ್ಲ, ತಣ್ಣಗೂ ಆಗುವುದಿಲ್ಲ, ಗಂಟೆಗಟ್ಟಲೆ ಉಗುರುಬೆಚ್ಚಗೆ ಕೂತಿರುತ್ತದೆ. 5ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವೆ ಬ್ಯಾಕ್ಟೀರಿಯಾ ಬೆಳೆಯುತ್ತವೆ. ಅಕ್ಕಿಯಲ್ಲಿರುವ ಬ್ಯಾಸಿಲಸ್ ಸೀರಿಯಸ್ ಎಂಬುದರ ಬೀಜಕಣ ಅನ್ನ ಬೆಂದರೂ ಸಾಯದು. ಆಮೇಲೆ ಅದು ಬಿಡುವ ವಿಷ ಮತ್ತೆ ಬಿಸಿ ಮಾಡಿದರೂ ಹೋಗದು, ತಿಂದು ಐದಾರು ಗಂಟೆಯೊಳಗೆ ವಾಂತಿ. ಆದ್ದರಿಂದ ಅನ್ನವನ್ನು ಅಗಲ ತಟ್ಟೆಯಲ್ಲಿ ತೆಳ್ಳಗೆ ಹರವಿ, ಫ್ಯಾನಿನ ಕೆಳಗೆ ಇಪ್ಪತ್ತು ನಿಮಿಷ ಆರಿಸಿ. ರಾತ್ರಿಯೇ ಮಾಡಿದ್ದಾದರೆ ಆರಿದ ಕೂಡಲೇ ಫ್ರಿಜ್ಜಿಗೆ ಹೋಗಲಿ. ಬೆಳಿಗ್ಗೆ ತಣ್ಣಗಿನ ಡಬ್ಬಿಯನ್ನೇ ಇನ್ಸುಲೇಟೆಡ್ ಚೀಲದಲ್ಲಿಟ್ಟು, ಫ್ರೀಜರಿನಲ್ಲಿ ಕಲ್ಲಾದ ಜೆಲ್ ಪ್ಯಾಕನ್ನು ಡಬ್ಬಿಯ ಮೇಲಿಡಿ, ತಂಪು ಕೆಳಗಿಳಿಯುವಂಥದ್ದು. ಬಿಸಿ ಮಾಡುವ ಓವನ್ ಕೆಲವು ವಿಮಾನಗಳಲ್ಲಿದೆ, ಕೆಲವದರಲ್ಲಿ ಬಿಸಿನೀರು ಮಾತ್ರ. ಓವನ್ ಇದ್ದರೂ ಅದು ಬಿಸಿಗಾಳಿಯದು, ಪ್ಲಾಸ್ಟಿಕ್ ಡಬ್ಬಿ ಕರಗಿಹೋಗುತ್ತದೆ. ಬಿಸಿ ಮಾಡಿಸುವ ಪದಾರ್ಥವನ್ನು ಅಲ್ಯೂಮಿನಿಯಂ ಫಾಯಿಲ್ ಡಬ್ಬಿಯಲ್ಲೇ ಕೊಡಿ.

ತಣ್ಣಗೇ ಚೆನ್ನಾಗಿರುವುದನ್ನು ಕಟ್ಟುವುದೇ ಜಾಣತನ. ಮೊಸರನ್ನಕ್ಕೆ ಸಮ ಯಾವುದೂ ಇಲ್ಲ, ಆದರೆ ಮೊಸರು ಸುರಿದು ಕಲಸಿದರೆ ಹನ್ನೊಂದು ಗಂಟೆಗೆ ಹುಳಿ ಹುಳಿ. ಒಂದು ಲೋಟ ಅಕ್ಕಿಗೆ ನಾಲ್ಕು ಲೋಟ ನೀರಿಟ್ಟು ಮೆತ್ತಗೆ ಬೇಯಿಸಿ, ಬಿಸಿ ಇರುವಾಗಲೇ ಮಸೆದು, ಕೈಗೆ ಬೆಚ್ಚಗಾದ ಮೇಲೆ ಕಾಯಿಸಿ ಆರಿಸಿದ ಹಾಲು ಒಂದೂವರೆ ಲೋಟ, ಮೊಸರು ಎರಡೇ ಚಮಚ. ರಾತ್ರಿ ಎಂಟಕ್ಕೆ ಕಲಸಿ ಎರಡು ಮೂರು ಗಂಟೆ ಹೊರಗಿಟ್ಟು ಫ್ರಿಜ್ಜಿಗೆ ಸರಿಸಿ. ಕಲಸುವಾಗ ಗಂಜಿಯಷ್ಟು ನೀರಾಗಿರಬೇಕು, ಅನ್ನ ಹಾಲನ್ನು ಕುಡಿದು ಬೆಳಿಗ್ಗೆಗೆ ಹದಕ್ಕೆ ಬರುತ್ತದೆ. ಉಪ್ಪು ಬೆಳಿಗ್ಗೆ ಹಾಕಿ, ಮೊದಲೇ ಹಾಕಿದರೆ ಹೆಪ್ಪು ನಿಧಾನ. ಈರುಳ್ಳಿ, ಸೌತೆಕಾಯಿ ಬೇಡ. ಒಂದು ನಾರುತ್ತದೆ, ಇನ್ನೊಂದು ನೀರು ಬಿಡುತ್ತದೆ. ದಾಳಿಂಬೆ ಕಾಳು ಹಾಕಿ.

ಪುಳಿಯೋಗರೆ ಹುಣಸೆ, ಎಣ್ಣೆಯ ಬಲದಿಂದ ತಾಳುತ್ತದೆ, ಚಿತ್ರಾನ್ನಕ್ಕೆ ಹಸಿ ಕಾಯಿತುರಿ ಬಿದ್ದರೆ ಮುಗಿಯಿತು. ಇಡ್ಲಿಯಾದರೆ ಎರಡೂ ಕಡೆ ಎಳ್ಳೆಣ್ಣೆ, ಚಟ್ನಿಪುಡಿ ಸವರಿ ನಾಲ್ಕು ತುಂಡು ಮಾಡಿ ಕೊಡಿ. ಉತ್ತರ ಕರ್ನಾಟಕದ ಕಡಕ್ ರೊಟ್ಟಿ ವಾರಗಟ್ಟಲೆ ಕೆಡುವುದಿಲ್ಲ, ಶೇಂಗಾ ಹಿಂಡಿ ಜೊತೆ ಬಹಳ ಚೆಂದ, ಆದರೆ ಮುರಿದರೆ ಪುಡಿ ನಾಲ್ಕೂ ಕಡೆ ಹಾರುತ್ತದೆ. ಅದು ಹೋಟೆಲ್ ಕೋಣೆಗೆ ಸರಿ, ಕಾಕ್‌ಪಿಟ್‌ಗೆ ಬೇಡ.

ಮೇಲೆ ಹೋದಾಗ ಕ್ಯಾಬಿನ್ ಒಳಗಿನ ಗಾಳಿಯ ಒತ್ತಡ ಆರರಿಂದ ಎಂಟು ಸಾವಿರ ಅಡಿ ಬೆಟ್ಟದ ಮೇಲಿದ್ದಷ್ಟಕ್ಕೆ ಇಳಿಯುತ್ತದೆ. ಎಂಟು ಸಾವಿರ ಅಡಿಯ ಲೆಕ್ಕಕ್ಕೆ ಹೊಟ್ಟೆಯೊಳಗಿನ ವಾಯು ಸುಮಾರು ಮೂರನೇ ಒಂದು ಪಾಲು ಹಿಗ್ಗುತ್ತದೆ. ಡಿಸೆಂಬರ್, ಜನವರಿಯಲ್ಲಿ ಅವರೆಕಾಯಿ ಸೊಗಡಿಗೆ ಮನಸ್ಸು ಸೋಲುವುದು ಸಹಜ, ಆದರೂ ಹಾರುವ ಹಿಂದಿನ ರಾತ್ರಿ ಹಿತಕಿದ ಅವರೆಬೇಳೆ ಸಾರು, ಹುರುಳಿ, ಎಲೆಕೋಸು, ಮೂಲಂಗಿ ಯಾವುದೂ ಬೇಡ. ರಜೆಯ ದಿನ ಹೊಟ್ಟೆ ತುಂಬ ಬಡಿಸಿ. ಅದೇ ಮೇಲಿನ ಒಣಗಾಳಿ ನಾಲಿಗೆಯನ್ನೂ ಮಂದ ಮಾಡುತ್ತದೆ. ಉಪ್ಪು, ಸಿಹಿ ಸಪ್ಪೆ ಅನಿಸುತ್ತವೆ, ಹುಳಿ ಅಷ್ಟಾಗಿ ಸೋಲುವುದಿಲ್ಲ. ಸಪ್ಪೆ ಅಂದರು ಅಂತ ಉಪ್ಪು ಏರಿಸಿದರೆ ಬಾಯಾರಿಕೆ ಕಟ್ಟಿಟ್ಟದ್ದು. ಅರ್ಧ ಹೋಳು ನಿಂಬೆಯ ರಸ ಹೆಚ್ಚಿಗೆ ಹಿಂಡಿ.

ಡಬ್ಬಿಯೊಳಗಿನ ಗಾಳಿಯೂ ಹಾಗೇ ಹಿಗ್ಗುತ್ತದೆ. ಅರ್ಧ ತುಂಬಿ ಬಿಗಿಯಾಗಿ ಮುಚ್ಚಿದ ಪ್ಲಾಸ್ಟಿಕ್ ಡಬ್ಬಿಯ ಮುಚ್ಚಳ ಮೇಲೆದ್ದು ಅಂಚಿನಿಂದ ಒಸರುತ್ತದೆ. ಸಣ್ಣ ಡಬ್ಬಿ ಆರಿಸಿ, ಗಾಳಿಗೆ ಜಾಗ ಕೊಡದ ಹಾಗೆ ತುಂಬಿ, ಮುಚ್ಚಳಕ್ಕೆ ಸಿಲಿಕಾನ್ ರಿಂಗ್, ನಾಲ್ಕು ಕಡೆ ಕ್ಲಿಪ್ ಇರಲಿ. ಸ್ಟ್ರಾ ಇರುವ ಬಾಟಲಿಯಲ್ಲಿ ಮಜ್ಜಿಗೆ ಹಾಕಲೇಬೇಡಿ. ಒಳಗಿನ ಗಾಳಿ ಮಜ್ಜಿಗೆಯನ್ನು ಸ್ಟ್ರಾದಿಂದ ಕಾರಂಜಿಯ ಹಾಗೆ ಮುಖಕ್ಕೆ ಎರಚುತ್ತದೆ. ಇಬ್ಬರು ಪೈಲಟ್‌ಗಳ ನಡುವೆ ಗುಂಡಿ, ಸ್ವಿಚ್ಚುಗಳಿರುವ ಕನ್ಸೋಲ್ ಮೇಲೆ ನೀರು ಚೆಲ್ಲುವುದು ಎಷ್ಟು ದೊಡ್ಡ ವಿಷಯ ಅಂತ ಮನೆಯವರಿಗೆ ಗೊತ್ತಿರುವುದಿಲ್ಲ. 2019ರ ಫೆಬ್ರುವರಿಯಲ್ಲಿ ಫ್ರಾಂಕ್‌ಫರ್ಟಿನಿಂದ ಮೆಕ್ಸಿಕೋದ ಕಾನ್ಕೂನ್‌ಗೆ ಹೊರಟಿದ್ದ ಏರ್‌ಬಸ್ ಎ330, ಅಟ್ಲಾಂಟಿಕ್ ಮೇಲೆ ಕಾಫಿ ಚೆಲ್ಲಿ ರೇಡಿಯೋ ಫಲಕ ಬಿಸಿಯೇರಿ ಹೊಗೆ ಬಂದು, ಐರ್ಲೆಂಡಿನ ಶ್ಯಾನನ್‌ನಲ್ಲಿ ಇಳಿಯಬೇಕಾಯಿತು. ನಮ್ಮಲ್ಲೇ 2023ರ ಹೋಳಿಯಂದು ದೆಹಲಿ–ಗುವಾಹಾಟಿ ವಿಮಾನದಲ್ಲಿ ಗುಜಿಯಾ ತಿನ್ನುತ್ತಾ ಕನ್ಸೋಲ್ ಮೇಲೆ ಕಾಫಿ ಲೋಟ ಇಟ್ಟಿದ್ದ ಇಬ್ಬರು ಪೈಲಟ್‌ಗಳನ್ನು ಹಾರಾಟದಿಂದ ಇಳಿಸಿ ಕೂರಿಸಿದ್ದರು. ಸಾರು, ಸಾಂಬಾರು, ಪಾಯಸ ಮನೆಯಲ್ಲೇ ಇರಲಿ.

ಇನ್ನೊಂದು ಮಾತು ನಮ್ಮವರಿಗೆ ಹಿಡಿಸುವುದಿಲ್ಲ. ಪಕ್ಕದವರಿಗೂ ಕೊಡಪ್ಪಾ ಅಂತ ಎರಡು ತುತ್ತು ಜಾಸ್ತಿ ಹಾಕಿ ಕಳಿಸುವುದು ನಮ್ಮ ಅಭ್ಯಾಸ. ಇಲ್ಲಿ ಬೇಡ. ಇಬ್ಬರು ಪೈಲಟ್‌ಗಳು ಬೇರೆ ಬೇರೆ ಊಟ ಮಾಡುವ ಪದ್ಧತಿ ಇರುವುದೇ ಒಂದೇ ಪಾತ್ರೆಯದನ್ನು ತಿಂದು ಇಬ್ಬರೂ ಒಟ್ಟಿಗೆ ಹಾಸಿಗೆ ಹಿಡಿಯದಿರಲಿ ಅಂತ. ಹಂಚುವ ಆಸೆಯಿದ್ದರೆ ಕೋಡುಬಳೆ, ಚಕ್ಕುಲಿಯನ್ನು ಬೇರೆ ಪೊಟ್ಟಣ ಕಟ್ಟಿ. ಕೆಲಸ ಮುಗಿಸಿ ಇಳಿದ ಮೇಲೆ ಹಂಚಲಿ. ಹಾಗೇ, ಮೈಕೈ ನೋವು ಅಂತ ದಶಮೂಲಾರಿಷ್ಟ, ಜೀರ್ಣಕ್ಕೆ ದ್ರಾಕ್ಷಾರಿಷ್ಟ ಕೊಡಬೇಡಿ. ಅರಿಷ್ಟ, ಆಸವಗಳಲ್ಲಿ ಹುದುಗಿನಿಂದಲೇ ಮದ್ಯಸಾರ ಹುಟ್ಟಿರುತ್ತದೆ, ಡ್ಯೂಟಿಗೆ ಮೊದಲು ಉಸಿರು ಪರೀಕ್ಷೆ ಇರುತ್ತದೆ. 2023ರಲ್ಲಿ ವಿಮಾನಯಾನದ ಮೇಲೆ ಕಣ್ಣಿಡುವ ಸರ್ಕಾರಿ ಸಂಸ್ಥೆ ಡಿಜಿಸಿಎ ತಿದ್ದಿದ ನಿಯಮ ಮದ್ಯಸಾರವಿರುವ ಮೌತ್‌ವಾಶನ್ನೂ ಬಿಟ್ಟಿಲ್ಲ.

ಎರಡು ಮೂರು ರಾತ್ರಿ ಹೊರಗೆ ತಂಗುವುದಾದರೆ ಒಣ ಸಾಮಾನು ಕಟ್ಟಿ, ಕೋಣೆಯಲ್ಲಿ ಬಿಸಿನೀರಿನ ಕೆಟಲ್ ಸಿಕ್ಕರೆ ಸಾಕು. ಎರಡು ಲೋಟ ಗಟ್ಟಿ ಅವಲಕ್ಕಿಯನ್ನು ಮಿಕ್ಸಿಯಲ್ಲಿ ರವೆಯಷ್ಟು ತರಿ ಮಾಡಿ. ಎರಡು ಚಮಚ ಸಾರಿನಪುಡಿ, ಒಂದೂವರೆ ಚಮಚ ಹುಣಸೆಪುಡಿ, ಒಂದು ದೊಡ್ಡ ಚಮಚ ಬೆಲ್ಲದ ಪುಡಿ, ಒಂದು ಚಮಚ ಉಪ್ಪು ಬೆರೆಸಿ. ಎಣ್ಣೆಯಲ್ಲಿ ಸಾಸಿವೆ, ಕಡಲೆಬೇಳೆ, ಶೇಂಗಾ, ಇಂಗು ಹಾಕಿ, ಕರಿಬೇವು ಗರಿಗರಿ ಆಗುವವರೆಗೆ ಬಾಡಿಸಿ. ಕರಿಬೇವಿನಲ್ಲಿ ಪಸೆ ಉಳಿದರೆ ಬೂಸ್ಟು ಅಲ್ಲಿಂದಲೇ ಶುರು. ಒಗ್ಗರಣೆ ಪೂರ್ತಿ ಆರಿದ ಮೇಲೆ ಸೇರಿಸಿ. ಒಂದು ಲೋಟ ಪುಡಿಗೆ ಮುಕ್ಕಾಲು ಲೋಟ ಬಿಸಿನೀರು, ಹತ್ತು ನಿಮಿಷ ಮುಚ್ಚಿಟ್ಟರೆ ಗೊಜ್ಜವಲಕ್ಕಿ ತಯಾರು. ರಾಗಿ ಹುರಿಹಿಟ್ಟಿಗೆ ಅದೂ ಬೇಡ, ಬೆಲ್ಲ, ಹಾಲು ಕಲಸಿದರಾಯಿತು. ಹಾಲನ್ನು ಮಾತ್ರ ಕೆಟಲ್‌ನಲ್ಲಿ ಕಾಯಿಸಬಾರದು, ತಳ ಹತ್ತುತ್ತದೆ.

ವಿದೇಶವಾದರೆ ಆ ದೇಶ ನೋಡಿ ಕಟ್ಟಿ. ಆಸ್ಟ್ರೇಲಿಯಾದಲ್ಲಿ ತಿನ್ನುವ ವಸ್ತು ಏನಿದ್ದರೂ ಬರೆದು ತಿಳಿಸಬೇಕು, ಹಣ್ಣುಹಂಪಲು ಇಡಲೇಬೇಡಿ. ದುಬೈ, ಸಿಂಗಪುರಗಳಲ್ಲಿ ಗಸಗಸೆ ನಿಷಿದ್ಧ, ಅದನ್ನು ಮಾದಕ ವಸ್ತುವಿನ ಸಾಲಿಗೆ ಸೇರಿಸಿದ್ದಾರೆ. ಪಾಯಸದ ಪುಡಿಯಲ್ಲಿರುವುದು ಎಲ್ಲರಿಗೂ ಗೊತ್ತು, ಸಾಗು ಮಸಾಲೆಯಲ್ಲೂ ಪುಳಿಯೋಗರೆ ಪುಡಿಯಲ್ಲೂ ಕೆಲವರು ಹಾಕುತ್ತಾರೆ. ಅಂಗಡಿಯ ಪೊಟ್ಟಣವಾದರೆ ಹಿಂದೆ ಬರೆದ ಸಾಮಗ್ರಿಯನ್ನು ಕನ್ನಡಕ ಹಾಕಿಕೊಂಡೇ ಓದಿ.