ರಾತ್ರಿ ಮಾತ್ರ ಆಫ್ ಆಗುವ ಕ್ಯಾಮೆರಾ: ಟೊಮೆಟೊ ಮಂಡಿಯಲ್ಲಿ ಪಿಒಇ ಹಾಕಿದ ನನ್ನ ಅನುಭವ

2023ರಲ್ಲಿ ಟೊಮೆಟೊ ಕಿಲೋಗೆ ನೂರು ರೂಪಾಯಿ ದಾಟಿದ ಮೇಲೆ ಕೋಲಾರದ ಕಡೆ ಮಂಡಿಗೂ ತೋಟಕ್ಕೂ ಕ್ಯಾಮೆರಾ ಕೇಳುವವರು ಹೆಚ್ಚಾದರು. ಎಪಿಎಂಸಿ ಯಾರ್ಡಿನ ಒಂದು ಮಂಡಿಯಲ್ಲಿ ಬೇರೆಯವರು ಹಾಕಿದ್ದ ಕ್ಯಾಮೆರಾ ಸರಿಮಾಡಲು ಹೋಗಿದ್ದೆ. "ಹಗಲೆಲ್ಲ ಚೆನ್ನಾಗಿ ಬರ್ತದಣ್ಣ, ಕತ್ತಲಾದ್ರೆ ಹಿಂದಿನ ಎರಡೂ ಹೋಗಿಬಿಡ್ತವೆ" ಅಂದರು ಮಾಲೀಕರು.

ಈ ಮಾತು ಕೇಳಿದರೆ ನಾನು ಕ್ಯಾಮೆರಾ ಬಿಚ್ಚುವುದಿಲ್ಲ, ಮೊದಲು ಕೇಬಲ್ ನೋಡುತ್ತೇನೆ. ಪಿಒಇ (ಪವರ್ ಓವರ್ ಈಥರ್ನೆಟ್) ಅಂದರೆ ಕ್ಯಾಮೆರಾದ ಕರೆಂಟೂ ಚಿತ್ರವೂ ಒಂದೇ ನೆಟ್‌ವರ್ಕ್ ಕೇಬಲ್‌ನಲ್ಲಿ ಹೋಗುವ ವ್ಯವಸ್ಥೆ. ಕತ್ತಲಾದಾಗ ಐಆರ್ (ರಾತ್ರಿ ನೋಡಲು ಬೇಕಾದ, ಕಣ್ಣಿಗೆ ಕಾಣದ ಬೆಳಕಿನ) ಎಲ್‌ಇಡಿಗಳು ಹತ್ತಿ ಕ್ಯಾಮೆರಾ ಎಳೆಯುವ ಕರೆಂಟ್ ಏರುತ್ತದೆ. ಅಲ್ಲಿ ಒಂದು ತಂತಿಯನ್ನು ಬ್ಲೇಡಿನಿಂದ ಕೆರೆದೆ, ಒಳಗೆ ಬೆಳ್ಳಗಿತ್ತು. ತಾಮ್ರದ ಲೇಪ ಕೊಟ್ಟ ಅಲ್ಯೂಮಿನಿಯಂ. ಅದರ ಪ್ರತಿರೋಧ ಜಾಸ್ತಿ, ಉದ್ದ ಎಳೆದಷ್ಟೂ ವೋಲ್ಟೇಜ್ ಬೀಳುತ್ತದೆ, ಕ್ಯಾಮೆರಾ ರೀಸ್ಟಾರ್ಟ್ ಆಗುತ್ತದೆ. ಪೂರ್ತಿ ತಾಮ್ರದ ಕ್ಯಾಟ್6 ನೆಟ್‌ವರ್ಕ್ ಕೇಬಲ್ ಎಳೆದ ಮೇಲೆ ಅವೇ ಕ್ಯಾಮೆರಾಗಳು ಬೆಳಗಿನವರೆಗೆ ನಿಂತವು. ದುಡ್ಡು ಉಳಿಸಬೇಕಾದರೆ ಮೆಗಾಪಿಕ್ಸೆಲ್‌ನಲ್ಲಿ ಉಳಿಸಿ, ಕೇಬಲ್‌ನಲ್ಲಿ ಬೇಡ ಎಂದು ಎಲ್ಲರಿಗೂ ಹೇಳುತ್ತೇನೆ.

ಕ್ಯಾಮೆರಾಗಳ ಕೇಬಲ್ ಎಲ್ಲ ಬಂದು ಸೇರುವ, ಅವಕ್ಕೆ ಕರೆಂಟ್ ಕೊಡುವ ನೆಟ್‌ವರ್ಕ್ ಪೆಟ್ಟಿಗೆಯೇ ಸ್ವಿಚ್. ಅದನ್ನು ಕೊಳ್ಳುವಾಗ ಪೋರ್ಟ್ (ಕೇಬಲ್ ಚುಚ್ಚುವ ಜಾಗ) ಎಷ್ಟಿದೆ ಎನ್ನುವುದಕ್ಕಿಂತ ಒಟ್ಟು ಎಷ್ಟು ವ್ಯಾಟ್ ಕೊಡುತ್ತದೆ ಎನ್ನುವುದು ಮುಖ್ಯ. 2003ರ ಪಿಒಇ ಸ್ಟ್ಯಾಂಡರ್ಡ್ 802.3ಎಎಫ್ ಪ್ರಕಾರ ಪೋರ್ಟಿನಿಂದ 15.4 ವ್ಯಾಟ್ ಹೊರಟರೆ ಕ್ಯಾಮೆರಾಗೆ ಖಾತ್ರಿ ಸಿಗುವುದು 12.95, ಉಳಿದದ್ದು ದಾರಿಯಲ್ಲಿ ಹೋಗುವ ಲೆಕ್ಕ. 2009ರ 802.3ಎಟಿಯಲ್ಲಿ ಇದು 30 ಮತ್ತು 25.5. ರಾತ್ರಿ 9 ವ್ಯಾಟ್ ತಿನ್ನುವ ಎಂಟು ಕ್ಯಾಮೆರಾಗೆ 72 ವ್ಯಾಟ್ ಬೇಕು, 60 ವ್ಯಾಟಿನ ಎಂಟು ಪೋರ್ಟ್ ಸ್ವಿಚ್ ಸಾಲದು. ನಾನು 120 ವ್ಯಾಟಿನದು ಹಾಕಿದೆ.

ಸ್ಟ್ಯಾಂಡರ್ಡ್ ಸ್ವಿಚ್ ಕರೆಂಟ್ ಬಿಡುವ ಮೊದಲು ಆ ತುದಿಯಲ್ಲಿ ಪಿಒಇ ಸಾಧನದ ಗುರುತಾದ ಸುಮಾರು 25 ಕಿಲೋಓಮ್ ಪ್ರತಿರೋಧ ಇದೆಯೇ ಎಂದು ನೋಡಿಕೊಳ್ಳುತ್ತದೆ. ಹಾಗಾಗಿ ಯಾರಾದರೂ ಲ್ಯಾಪ್‌ಟಾಪ್ ಚುಚ್ಚಿದರೂ ಭಯವಿಲ್ಲ. ಪ್ಯಾಸಿವ್ ಇಂಜೆಕ್ಟರ್ (ಕೇಬಲ್‌ಗೆ ಕರೆಂಟ್ ಸೇರಿಸುವ ಸಾದಾ ಅಡಾಪ್ಟರ್) ಇದನ್ನೆಲ್ಲ ನೋಡದೆ ನೇರ ವೋಲ್ಟೇಜ್ ಬಿಡುತ್ತದೆ, ಅದನ್ನು ನಾನು ಮುಟ್ಟುವುದಿಲ್ಲ.

ನನಗೆ ಪಿಒಇ ಇಷ್ಟವಾಗಲು ದೊಡ್ಡ ಕಾರಣ ಯುಪಿಎಸ್. ಸ್ವಿಚ್ ಮತ್ತು ಎನ್‌ವಿಆರ್ (ಚಿತ್ರ ರೆಕಾರ್ಡ್ ಮಾಡುವ ಪೆಟ್ಟಿಗೆ) ಇರುವ ಕಡೆ ಒಂದೇ ಒಂದು ಇಟ್ಟರೆ, ಕರೆಂಟ್ ಹೋದರೂ ಎಲ್ಲ ಕ್ಯಾಮೆರಾಗಳೂ ಓಡುತ್ತವೆ. ಕಂಬ ಕಂಬಕ್ಕೂ ಅಡಾಪ್ಟರ್ ಬೇಡ.

ಲಾರಿ ನಿಲ್ಲುವ ಗೇಟು ಸ್ವಿಚ್‌ನಿಂದ 100 ಮೀಟರ್ ದಾಟಿತ್ತು. ಈಥರ್ನೆಟ್‌ನ ಮಿತಿ ಅಲ್ಲಿಗೇ ಮುಗಿಯುತ್ತದೆ. ಕೆಲವು ಸ್ವಿಚ್‌ಗಳ ಎಕ್ಸ್‌ಟೆಂಡ್ ಬಟನ್ ಒತ್ತಿದರೆ 250 ಮೀಟರ್ ಎನ್ನುತ್ತಾರೆ, ಆದರೆ ವೇಗ 10 ಎಂಬಿಪಿಎಸ್‌ಗೆ ಇಳಿಯುತ್ತದೆ. ಅಲ್ಲಿಗೆ ಫೈಬರ್ (ಕರೆಂಟ್ ಹರಿಯದ ಗಾಜಿನ ಎಳೆಯ ಕೇಬಲ್) ಎಳೆದು, ಗೇಟಿನ ಬಳಿಯ ಕರೆಂಟಿನಲ್ಲೇ ಒಂದು ಚಿಕ್ಕ ಸ್ವಿಚ್ ಇಟ್ಟು, ಅದಕ್ಕೆ ಬೇರೆ ಬ್ಯಾಟರಿ ಕೊಟ್ಟೆ. ಬಯಲಲ್ಲಿ ಸಿಡಿಲು ಬಡಿದರೆ ಫೈಬರ್ ಮೂಲಕ ಆ ಹೊಡೆತ ಒಳಗಿನ ಎನ್‌ವಿಆರ್‌ವರೆಗೆ ಬರುವುದಿಲ್ಲ.

ಹೊರಗಿನ ಆರ್‌ಜೆ45 (ಕೇಬಲ್ ತುದಿಯ ಪ್ಲಗ್) ಎಲ್ಲವನ್ನೂ ಜಂಕ್ಷನ್ ಬಾಕ್ಸಿನೊಳಗೆ ಸೇರಿಸಿ, ಕೇಬಲ್ ಕೆಳಗಿನಿಂದ ಒಳಹೋಗುವ ಹಾಗೆ ಬಿಟ್ಟೆ. ಪ್ರತಿ ಕ್ಯಾಮೆರಾಗೂ ಬದಲಾಗದ ಐಪಿ (ನೆಟ್‌ವರ್ಕ್ ವಿಳಾಸ) ಕೊಟ್ಟು, ಪಾಸ್‌ವರ್ಡ್‌ಗಳನ್ನು ಮಾಲೀಕರ ಕೈಯಲ್ಲೇ ಹಾಕಿಸಿದೆ. ಕತ್ತಲಾಗುವವರೆಗೆ ಕಾದು, ಎಂಟೂ ಕ್ಯಾಮೆರಾಗಳ ಐಆರ್ ಹತ್ತಿದ ಮೇಲೆ ಸ್ವಿಚ್‌ನ ಸೆಟ್ಟಿಂಗ್ ಪುಟದಲ್ಲಿ ಒಟ್ಟು ವ್ಯಾಟ್ ತೋರಿಸಿ ಬಿಲ್ ಕೊಟ್ಟೆ.